ಎಕ್ಸಿಟ್ ಪೋಲ್ ಒಂದು ಹೇಳಿತು, ಎಣಿಕೆ ಇನ್ನೊಂದು: ಅಮೆರಿಕದ ಮುಂಚಿತ ಮತದಾನ ಮತ್ತು ದೋಷ ನಿವಾರಣೆ ಕೈಪಿಡಿ

2020ರ ನವೆಂಬರ್ 6ರ ಸಂಜೆ ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದರು. ದನಿಯಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. "ಏನಪ್ಪಾ ಇದು, ಪೆನ್ಸಿಲ್ವೇನಿಯಾದಲ್ಲಿ ಮೂರು ದಿನದಿಂದ ಟ್ರಂಪ್ ಮುಂದಿದ್ದ. ಈಗ ನೋಡಿದ್ರೆ ಬೈಡನ್ ಮುಂದೆ. ಏನೋ ಗೋಲ್ಮಾಲ್ ಆಗಿದೆ ಬಿಡು." ಅವರ ಮಗಳು, ಅಂದರೆ ನನ್ನ ತಂಗಿ, ಅದೇ ರಾಜ್ಯದಲ್ಲಿದ್ದಾಳೆ. ಅಲ್ಲಿನ ಪೌರತ್ವ ಪಡೆದವಳು. ಅಕ್ಟೋಬರ್ ನಡುವೆಯೇ ಮತಪತ್ರ ತುಂಬಿ ಅಂಚೆಗೆ ಹಾಕಿ ಮುಗಿಸಿದ್ದಳು. ಚಿಕ್ಕಪ್ಪ ಗೋಲ್ಮಾಲ್ ಅಂದುಕೊಂಡ ಆ ರಾಶಿಯಲ್ಲಿ ಅವರ ಮಗಳ ಮತವೂ ಇತ್ತು.

ಇಂಥ ಫೋನ್ ನನಗೆ ಪ್ರತಿ ಅಮೆರಿಕ ಚುನಾವಣೆಗೂ ಬರುತ್ತದೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಸುಲಭವಾದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ತಲೆ ಕೆಡಿಸುವಂಥವು ಆಮೇಲೆ. ಹತ್ತರಲ್ಲಿ ಎಂಟು ಅನುಮಾನಗಳು ಮೊದಲ ಎರಡು ಲಕ್ಷಣಗಳಲ್ಲೇ ಬಗೆಹರಿಯುತ್ತವೆ ಅನ್ನುವುದು ನನ್ನ ಅನುಭವ.

ಶುರು ಮಾಡುವ ಮುಂಚೆ: ಇದು ಕೆಲಸ ಮಾಡುವುದು ಹೇಗೆ

ಎಕ್ಸಿಟ್ ಪೋಲ್ ಅಂದರೆ ಮತ ಹಾಕಿ ಹೊರಗೆ ಬಂದವರನ್ನು ಕೇಳುವುದು. 1967ರಲ್ಲಿ ಕೆಂಟಕಿ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಸಿಬಿಎಸ್ ವಾಹಿನಿಗಾಗಿ ವಾರನ್ ಮಿಟೋಫ್ಸ್ಕಿ ಇದನ್ನು ಶುರು ಮಾಡಿದರು. ಆರಿಸಿದ ಮತಗಟ್ಟೆಯ ಬಾಗಿಲ ಹತ್ತಿರ ಒಬ್ಬರು ಪ್ರಶ್ನೆಪತ್ರಿಕೆ ಹಿಡಿದು ನಿಲ್ಲುತ್ತಾರೆ. ಐದನೆಯವರನ್ನೋ ಎಂಟನೆಯವರನ್ನೋ, ಮೊದಲೇ ಗೊತ್ತು ಮಾಡಿದ ಲೆಕ್ಕದಲ್ಲಿ ಕರೆಯುತ್ತಾರೆ. ಯಾರಾದರೂ ಬೇಡ ಅಂದರೆ ಅವರ ಅಂದಾಜು ವಯಸ್ಸು, ಹೆಣ್ಣೋ ಗಂಡೋ, ಯಾವ ಜನಾಂಗದವರಂತೆ ಕಾಣುತ್ತಾರೆ ಅನ್ನುವುದನ್ನು ಗುರುತು ಹಾಕಿಕೊಳ್ಳುತ್ತಾರೆ. ಹೆಸರು ಕೇಳುವುದಿಲ್ಲ.

ಇಡೀ ವಿಧಾನ ಒಂದು ನಂಬಿಕೆಯ ಮೇಲೆ ನಿಂತಿತ್ತು. ಮತದಾರ ಅವತ್ತು ಆ ಬಾಗಿಲಿಂದಲೇ ಹೊರಗೆ ಬರುತ್ತಾನೆ ಅನ್ನುವುದು. ಆ ನಂಬಿಕೆ ಈಗ ಅರ್ಧಕ್ಕಿಂತ ಜಾಸ್ತಿ ಕುಸಿದಿದೆ. 1992ರಲ್ಲಿ ಅಮೆರಿಕದಲ್ಲಿ ಮುಂಚಿತವಾಗಿ, ಅಂದರೆ ಅಂಚೆಯಲ್ಲೋ ಮುಂಚಿತ ಮತಕೇಂದ್ರದಲ್ಲೋ ಚುನಾವಣೆ ದಿನಕ್ಕೆ ಮೊದಲೇ, ಮತ ಹಾಕುತ್ತಿದ್ದವರು ನೂರಕ್ಕೆ ಸುಮಾರು 7 ಮಂದಿ. 2008ರ ಹೊತ್ತಿಗೆ ಸುಮಾರು 30. 2020ರಲ್ಲಿ ಕೋವಿಡ್ ಕಾಲ, ಸುಮಾರು 16 ಕೋಟಿ ಮತಗಳಲ್ಲಿ 10 ಕೋಟಿಗೂ ಜಾಸ್ತಿ ಚುನಾವಣೆ ದಿನಕ್ಕೆ ಮುಂಚೆಯೇ ಬಂದಿದ್ದವು. 2024ರಲ್ಲೂ ಅರ್ಧಕ್ಕಿಂತ ಜಾಸ್ತಿಯೇ. ಒರೆಗಾನ್, ವಾಷಿಂಗ್ಟನ್, ಕೊಲರಾಡೊ ರಾಜ್ಯಗಳಲ್ಲಂತೂ ಎಲ್ಲರಿಗೂ ಮತಪತ್ರ ಮನೆಗೇ ಬರುತ್ತದೆ. ಅಲ್ಲಿ ಬಾಗಿಲ ಮುಂದೆ ನಿಂತರೆ ಯಾರು ಸಿಗುತ್ತಾರೆ ಹೇಳಿ.

ಒಂದು ಮಾತು ನಮ್ಮವರಿಗೆ. ನಮ್ಮಲ್ಲೂ ಅಂಚೆ ಮತ ಇದೆ. 85 ದಾಟಿದ ಹಿರಿಯರು, ಅಂಗವಿಕಲರು, ಸೈನಿಕರು, ಚುನಾವಣೆ ಕೆಲಸದ ಸಿಬ್ಬಂದಿ ಹಾಕುತ್ತಾರೆ. ಎಣಿಕೆ ದಿನ ಬೆಳಗ್ಗೆ 8ಕ್ಕೆ ಎಣಿಕೆ ಶುರುವಾಗುವುದೇ ಅದರಿಂದ. ಆದರೆ ಅದು ಒಟ್ಟು ಮತದಲ್ಲಿ ತೀರಾ ಸಣ್ಣ ಪಾಲು. ಅದೇ ಲೆಕ್ಕದಲ್ಲಿ ಅಮೆರಿಕವನ್ನು ನೋಡಿದರೆ ಎಡವುತ್ತೇವೆ. ಅಲ್ಲಿ ಮುಂಚಿತ ಮತವೇ ದೊಡ್ಡ ರಾಶಿ.

ಲಕ್ಷಣ 1: "ಸಂಜೆ ನೋಡಿದ ಎಕ್ಸಿಟ್ ಪೋಲ್ ಅಂಕಿ ರಾತ್ರಿಗೆ ಬದಲಾಗಿತ್ತು"

ಸ್ಕ್ರೀನ್‌ಶಾಟ್ ತೆಗೆದು ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಸಂಜೆ ಮಹಿಳೆಯರಲ್ಲಿ ಇಷ್ಟು, ಮಧ್ಯರಾತ್ರಿ ಅಷ್ಟು. ನೋಡಿದವರಿಗೆ ಯಾರೋ ತಿದ್ದಿದ ಹಾಗೆ ಅನಿಸುತ್ತದೆ.

ಪರೀಕ್ಷೆ: ಎರಡೂ ಚಿತ್ರಗಳ ಸಮಯ ನೋಡಿ. ಅಷ್ಟೇ.

ಅಂಕಿ ಬದಲಾಗುವುದು ದೋಷವಲ್ಲ, ಅದು ವಿಧಾನದ ಭಾಗ. ಜನ ಕೊಟ್ಟ ಉತ್ತರಗಳು ದಿನವಿಡೀ ಕಂತು ಕಂತಾಗಿ ಬರುತ್ತವೆ. ಮತಗಟ್ಟೆ ಮುಚ್ಚಿದ ಮೇಲೆ ನಿಜವಾದ ಎಣಿಕೆ ಬರತೊಡಗುತ್ತದೆ. ಆಗ ಸಮೀಕ್ಷೆಯ ತೂಕವನ್ನು, ಅಂದರೆ ಯಾರ ಉತ್ತರಕ್ಕೆ ಎಷ್ಟು ಬೆಲೆ ಅನ್ನುವುದನ್ನು, ಆ ಎಣಿಕೆಗೆ ಹೊಂದಿಸುತ್ತಾರೆ. ಕೊನೆಗೆ ಉಳಿಯುವ ಪಟ್ಟಿ ಅಂತಿಮ ಫಲಿತಾಂಶಕ್ಕೆ ಸರಿಹೊಂದಿರುತ್ತದೆ. ಯಾಕೆಂದರೆ ಅದರ ಮುಖ್ಯ ಕೆಲಸ ಗೆದ್ದವರು ಯಾರು ಎಂದು ಹೇಳುವುದಲ್ಲ, ಯಾರು ಯಾಕೆ ಹಾಗೆ ಮತ ಹಾಕಿದರು ಎಂದು ಹೇಳುವುದು.

ಎಚ್ಚರಿಕೆ: ಅಮೆರಿಕದ ಪೂರ್ವ ಕರಾವಳಿಯ ಸಂಜೆ 5ಕ್ಕೆ, ಅಂದರೆ ನಮ್ಮ ಬೆಳಗಿನ ಜಾವ 3:30ಕ್ಕೆ ಮುಂಚೆ "ಎಕ್ಸಿಟ್ ಪೋಲ್ ಸೋರಿಕೆ" ಅಂತ ಏನಾದರೂ ಬಂದರೆ ಅದನ್ನು ಯಾರಿಗೂ ಕಳಿಸಬೇಡಿ. 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮಧ್ಯಾಹ್ನದ ಅಂಕಿ ಸೋರಿ ಡೆಮಾಕ್ರಟಿಕ್ ಅಭ್ಯರ್ಥಿ ಕೆರ್ರಿ ಗೆದ್ದೇಬಿಟ್ಟರು ಅಂತ ಸುದ್ದಿಯಾಯಿತು, ಗೆದ್ದಿದ್ದು ಎದುರಾಳಿ ಬುಷ್. ಅದಾದ ಮೇಲೆ, 2006ರಿಂದ, ವಾಹಿನಿಗಳ ಕೆಲವೇ ವಿಶ್ಲೇಷಕರನ್ನು ಒಂದು ಕೋಣೆಯಲ್ಲಿ ಕೂರಿಸಿ, ಫೋನ್ ಇಲ್ಲದೆ, ಸಂಜೆ 5ರವರೆಗೆ ಹೊರಗೆ ಬಿಡುವುದಿಲ್ಲ. ಅದಕ್ಕೆ ಮುಂಚೆ ಬಂದದ್ದನ್ನು ಸುಳ್ಳು ಅಂತಲೇ ತಿಳಿದುಕೊಳ್ಳಿ.

ಲಕ್ಷಣ 2: "ಎಣಿಕೆಯಲ್ಲಿ ಒಬ್ಬರು ಮುಂದಿದ್ದರು, ಆಮೇಲೆ ಪೂರ್ತಿ ತಿರುಗಿತು"

ಚಿಕ್ಕಪ್ಪನ ಪ್ರಶ್ನೆ ಇದೇ. ಇದರಲ್ಲಿ ಎಕ್ಸಿಟ್ ಪೋಲ್ ಕೈವಾಡವೇ ಇಲ್ಲ. ಇದು ಎಣಿಸುವ ಸರದಿಯ ವಿಷಯ. ಆದರೆ ಜನ ಎರಡನ್ನೂ ಒಂದೇ ಮಾಡಿಕೊಳ್ಳುತ್ತಾರೆ, ಅದಕ್ಕೇ ಇಲ್ಲಿ ಇಟ್ಟಿದ್ದೇನೆ.

ಪರೀಕ್ಷೆ: ಆ ರಾಜ್ಯದ ಕಾನೂನು ಅಂಚೆ ಮತವನ್ನು ಯಾವಾಗ ತೆರೆಯಲು ಬಿಡುತ್ತದೆ ಅಂತ ನೋಡಿ. ರಾಜ್ಯದ ಚುನಾವಣಾ ಕಚೇರಿಯ ವೆಬ್‌ಸೈಟ್‌ನಲ್ಲಿ ಇರುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ಚುನಾವಣೆ ದಿನ ಬೆಳಗ್ಗೆ 7ಕ್ಕೆ ಮುಂಚೆ ಲಕೋಟೆ ಮುಟ್ಟುವಂತಿಲ್ಲ. ವಿಸ್ಕಾನ್ಸಿನ್‌ನಲ್ಲೂ ಚುನಾವಣೆ ದಿನದವರೆಗೆ ಕಾಯಬೇಕು. ಫ್ಲೋರಿಡಾದಲ್ಲಿ ವಾರಗಳ ಮುಂಚೆಯೇ ಲಕೋಟೆ ತೆರೆದು ತಯಾರಿ ಮುಗಿಸಿರುತ್ತಾರೆ, ಮತಗಟ್ಟೆ ಮುಚ್ಚಿದ ಕೂಡಲೇ ಮುಂಚಿತ ಮತಗಳ ಅಂಕಿ ಹೊರಬೀಳುತ್ತದೆ.

ತಂಗಿ ಆ ಲಕೋಟೆಯನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದ್ದಳು. ಊಟದ ಮೇಜಿನ ಮೇಲೆ ಒಂದು ಕಡೆ ಮಕ್ಕಳ ಬಣ್ಣದ ಪೆನ್ಸಿಲ್, ಇನ್ನೊಂದು ಕಡೆ ಮತಪತ್ರ. ಹೆಸರಿನ ಪಕ್ಕದ ಪುಟ್ಟ ಗುಂಡನ್ನು ಕಪ್ಪು ಪೆನ್ನಿನಲ್ಲಿ ಪೂರ್ತಿ ತುಂಬಿದಳು. ಮಡಿಸಿ ಮೊದಲು ಒಳಗಿನ ಲಕೋಟೆಗೆ ಹಾಕಿದಳು, ಅದರ ಮೇಲೆ ಹೆಸರಿಲ್ಲ, ಏನೂ ಬರೆಯುವಂತಿಲ್ಲ. ಅದನ್ನು ಹೊರಗಿನ ಲಕೋಟೆಗೆ ಸೇರಿಸಿ, ಹಿಂದೆ ಸಹಿ ಮಾಡಿ ತಾರೀಕು ಬರೆದಳು. ಒಳಗಿನ ಲಕೋಟೆ ಬಿಟ್ಟರೆ ಆ ಮತ ಎಣಿಕೆಗೇ ಬರುವುದಿಲ್ಲ. ಈಗ ಯೋಚಿಸಿ. ಇಂಥ ಸುಮಾರು 26 ಲಕ್ಷ ಲಕೋಟೆಗಳು. ಒಂದೊಂದನ್ನೂ ಪರಿಶೀಲಿಸಿ, ಹೊರಗಿನದು ತೆರೆದು, ಒಳಗಿನದು ತೆರೆದು, ಮಡಿಕೆ ಬಿಡಿಸಿ, ಯಂತ್ರಕ್ಕೆ ಕೊಡಬೇಕು. ಶುರು ಮಾಡುವುದೇ ಅವತ್ತು ಬೆಳಗ್ಗೆ. ಮೂರು ನಾಲ್ಕು ದಿನ ಹಿಡಿಯದೆ ಇನ್ನೇನು?

ಮತಗಟ್ಟೆಗೆ ಹೋದವರಲ್ಲಿ ಟ್ರಂಪ್ ಕಡೆಯವರು ಜಾಸ್ತಿ, ಅಂಚೆಯಲ್ಲಿ ಕಳಿಸಿದವರಲ್ಲಿ ಬೈಡನ್ ಕಡೆಯವರು ಜಾಸ್ತಿ. ಅಂಚೆ ಮತದಲ್ಲಿ ನಾಲ್ಕರಲ್ಲಿ ಮೂರು ಪಾಲು ಬೈಡನ್‌ಗೆ ಹೋಗಿತ್ತು. ಹಾಗಾಗಿ ಚುನಾವಣೆ ರಾತ್ರಿ ಟ್ರಂಪ್ ಆರು ಲಕ್ಷಕ್ಕೂ ಜಾಸ್ತಿ ಮತಗಳಿಂದ ಮುಂದಿದ್ದರು, ಕೊನೆಗೆ ಬೈಡನ್ ಸುಮಾರು 80 ಸಾವಿರದಿಂದ ಗೆದ್ದರು. ಅದೇ ರಾತ್ರಿ ಫ್ಲೋರಿಡಾದಲ್ಲಿ ಇದರ ಉಲ್ಟಾ ನಡೆಯಿತು. ಮೊದಲು ಬೈಡನ್ ಮುಂದೆ ಕಂಡರು, ಆಮೇಲೆ ಟ್ರಂಪ್ ಶೇಕಡಾ ಮೂರು ಅಂಶಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಫ್ಲೋರಿಡಾ ತಿರುಗಿದ್ದಕ್ಕೆ ಯಾರೂ ಗೋಲ್ಮಾಲ್ ಅನ್ನಲಿಲ್ಲ. ಎರಡೂ ಕಡೆ ಕಾರಣ ಒಂದೇ, ಅಲ್ವಾ?

ಲಕ್ಷಣ 3: "ಮತಗಟ್ಟೆ ಬಾಗಿಲಲ್ಲಿ ಕೇಳಿದ್ದು ಒಂದೇ ಕಡೆ ವಾಲಿದೆ"

ಇಲ್ಲಿಂದ ನಿಜವಾದ ಎಕ್ಸಿಟ್ ಪೋಲ್ ದೋಷ ಶುರು. ಒಂದು ಪೆನ್ನು, ಒಂದು ಹಾಳೆ ತಗೊಳ್ಳಿ.

ನೂರು ಮತದಾರರು ಅಂದುಕೊಳ್ಳಿ. ಇದು ಸುಮ್ನೆ ಲೆಕ್ಕಕ್ಕೆ, ಯಾವ ರಾಜ್ಯದ ಅಂಕಿಯೂ ಅಲ್ಲ. 60 ಮಂದಿ ಮುಂಚಿತವಾಗಿ ಹಾಕಿದ್ದಾರೆ, 40 ಮಂದಿ ಅವತ್ತು ಹೋಗಿದ್ದಾರೆ. ಮುಂಚಿತ ಮತದಲ್ಲಿ ಒಬ್ಬ ಅಭ್ಯರ್ಥಿಗೆ ನೂರಕ್ಕೆ 60, ಅವತ್ತಿನ ಮತದಲ್ಲಿ ಅದೇ ಅಭ್ಯರ್ಥಿಗೆ ನೂರಕ್ಕೆ 35. ಮುಂಚಿತದಿಂದ 36 ಮತ, ಅವತ್ತಿನದರಿಂದ 14. ಕೂಡಿಸಿದರೆ ಸರಿಯಾಗಿ 50, ಸಮಸಮ. ಆದರೆ ಬಾಗಿಲಲ್ಲಿ ಮಾತ್ರ ಕೇಳಿದ್ದರೆ ಸಿಗುವ ಉತ್ತರ 35. ಸಮಬಲದ ಸ್ಪರ್ಧೆ ಹೀನಾಯ ಸೋಲಿನ ಹಾಗೆ ಕಾಣುತ್ತದೆ.

ಪರೀಕ್ಷೆ: ನೀವು ನೋಡುತ್ತಿರುವ ಸಮೀಕ್ಷೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ವಿಧಾನ ಓದಿ. ಫೋನ್ ಸಮೀಕ್ಷೆ, ಮುಂಚಿತ ಮತಕೇಂದ್ರದ ಸಂದರ್ಶನ ಅಂತ ಇದೆಯಾ? 2024ರ ಚುನಾವಣೆಯವರೆಗೆ ಎಬಿಸಿ, ಸಿಬಿಎಸ್, ಸಿಎನ್‌ಎನ್, ಎನ್‌ಬಿಸಿ ವಾಹಿನಿಗಳು ಒಟ್ಟಿಗೆ ನಡೆಸುತ್ತಿದ್ದ ಸಮೀಕ್ಷೆಯನ್ನು ಎಡಿಸನ್ ರಿಸರ್ಚ್ ಎಂಬ ಸಂಸ್ಥೆ ಮಾಡುತ್ತಿತ್ತು. ಅವರು ಮುಂಚಿತ ಮತದಾರರಿಗೆ ಫೋನ್ ಮಾಡುತ್ತಿದ್ದರು, ಕೊನೆಕೊನೆಗೆ ಮೆಸೇಜ್, ಇಮೇಲ್ ಕೂಡ ಕಳಿಸುತ್ತಿದ್ದರು. ಕೆಲವು ರಾಜ್ಯಗಳ ಮುಂಚಿತ ಮತಕೇಂದ್ರಗಳ ಹೊರಗೂ ಜನರನ್ನು ನಿಲ್ಲಿಸುತ್ತಿದ್ದರು. ಹಾಗೆ ಮಾಡಿದ್ದರೆ ಈ ದೋಷ ಬಹುಮಟ್ಟಿಗೆ ಇಲ್ಲ, ಮುಂದಿನ ಲಕ್ಷಣಕ್ಕೆ ಹೋಗಿ. ಯಾವುದೋ ಸಣ್ಣ ಸಂಸ್ಥೆಯೋ ಯೂಟ್ಯೂಬ್ ಚಾನೆಲ್ಲೋ ಮೈಕ್ ಹಿಡಿದು ಬಾಗಿಲಲ್ಲಿ ಕೇಳಿದ್ದಷ್ಟೇ ಆದರೆ, ದೋಷ ಸಿಕ್ಕಿತು. ಆ ಅಂಕಿಯನ್ನು ಅಲ್ಲೇ ಬಿಟ್ಟುಬಿಡಿ.

ಲಕ್ಷಣ 4: "ಮುಂಚಿತ ಮತದಾರರನ್ನೂ ಸೇರಿಸಿದ್ದಾರೆ, ಆದರೂ ತಪ್ಪಿದೆ"

ನನ್ನ ಪ್ರಕಾರ ಇಡೀ ವಿಧಾನದಲ್ಲಿ ಬೇಗ ಬಿರುಕು ಬಿಡುವ ಜಾಗ ಇದು. ಬಾಗಿಲ ರಾಶಿ ಒಂದು, ಫೋನ್ ರಾಶಿ ಇನ್ನೊಂದು. ಎರಡನ್ನೂ ಬೆರೆಸಬೇಕು. ಎಷ್ಟಕ್ಕೆ ಎಷ್ಟು?

ಅದೇ ಹಾಳೆಗೆ ವಾಪಸ್ ಬನ್ನಿ. ಎರಡೂ ರಾಶಿಯಲ್ಲಿ ಉತ್ತರ ಪಕ್ಕಾ ಸರಿ ಇದೆ, 60 ಮತ್ತು 35. ಆದರೆ ಮುಂಚಿತ ಮತ ನೂರಕ್ಕೆ 60 ಇರುವ ಕಡೆ 50 ಅಂತ ಅಂದಾಜು ಮಾಡಿಬಿಟ್ಟರು. ಈಗ ಲೆಕ್ಕ ಹಾಕಿ: 30 ಮತ್ತು 17.5, ಒಟ್ಟು 47.5. ಎದುರಾಳಿಗೆ 52.5. ಸಮಸಮ ಇದ್ದದ್ದು ಐದು ಅಂಶದ ಸೋಲಾಯಿತು. ಒಬ್ಬ ಮತದಾರನೂ ಸುಳ್ಳು ಹೇಳಿಲ್ಲ, ಸಮೀಕ್ಷೆ ಮಾಡಿದವರೂ ಮೋಸ ಮಾಡಿಲ್ಲ. ಬೆರೆಸುವ ಅಳತೆ ತಪ್ಪಿತು.

ಇದು ಬರೀ ಹಾಳೆಯ ಮೇಲಿನ ಮಾತಲ್ಲ. 2000ನೇ ಇಸವಿಯ ಫ್ಲೋರಿಡಾ ನೆನಪಿದೆಯಾ? ಆಗ ಎಲ್ಲ ವಾಹಿನಿಗಳಿಗೂ ವೋಟರ್ ನ್ಯೂಸ್ ಸರ್ವೀಸ್ ಎಂಬ ಸಂಸ್ಥೆ ಅಂಕಿ ಕೊಡುತ್ತಿತ್ತು. ಆ ರಾಜ್ಯದಲ್ಲಿ ಅಂಚೆ ಮತದಾರರಿಗೆ ಫೋನ್ ಸಮೀಕ್ಷೆ ಮಾಡಿರಲಿಲ್ಲ. ಅಂಚೆ ಮತ ನೂರಕ್ಕೆ ಸುಮಾರು 7 ಇರಬಹುದು ಅಂತ ಲೆಕ್ಕ ಇಟ್ಟುಕೊಂಡಿದ್ದರು, ಬಂದದ್ದು ಸುಮಾರು 12. ಆ ಮತಗಳಲ್ಲಿ ಬುಷ್ ಕಡೆಯವು ಜಾಸ್ತಿ. ರಾತ್ರಿ 8ಕ್ಕೆ ಹತ್ತು ನಿಮಿಷ ಇರುವಾಗಲೇ ವಾಹಿನಿಗಳು ಫ್ಲೋರಿಡಾ ಬುಷ್ ಎದುರಾಳಿ ಗೋರ್ ಪಾಲು ಎಂದು ಘೋಷಿಸಿದವು. ರಾಜ್ಯದ ಪಶ್ಚಿಮ ತುದಿಯಲ್ಲಿ ಗಡಿಯಾರ ಒಂದು ತಾಸು ಹಿಂದೆ, ಅಲ್ಲಿ ಮತದಾನ ಇನ್ನೂ ನಡೆಯುತ್ತಿತ್ತು. ಎರಡು ತಾಸಿನಲ್ಲಿ ಘೋಷಣೆ ವಾಪಸ್. ನಡುರಾತ್ರಿ ದಾಟಿದ ಮೇಲೆ ಬುಷ್ ಗೆದ್ದರು ಅಂದರು, ಬೆಳಗಾಗುವ ಮುಂಚೆ ಅದೂ ವಾಪಸ್. ಕೊನೆಗೆ ಅಂತರ 537 ಮತ. ಅಂಚೆ ಮತವೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಮಾದರಿ ಮತಗಟ್ಟೆಗಳ ಆಯ್ಕೆಯಲ್ಲೂ ಎಣಿಕೆಯ ಅಂಕಿಯಲ್ಲೂ ತಪ್ಪುಗಳಿದ್ದವು. ಆದರೆ ಮೊದಲ ತಪ್ಪು ಘೋಷಣೆಯಲ್ಲಿ ಇದರ ಪಾಲು ದೊಡ್ಡದು. 2002ರಲ್ಲಿ ಅದೇ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟಿತು, ಮರುವರ್ಷ ಸಂಸ್ಥೆಯನ್ನೇ ಮುಚ್ಚಿದರು.

ಪರೀಕ್ಷೆ: ಸಮೀಕ್ಷೆಯ ಪಟ್ಟಿಯಲ್ಲಿ "ಯಾವಾಗ ಮತ ಹಾಕಿದಿರಿ" ಅನ್ನುವ ಸಾಲು ಹುಡುಕಿ. ಅಲ್ಲಿ ಮುಂಚಿತ ಮತದ ಪಾಲು ಎಷ್ಟಿದೆ ನೋಡಿ. ವಾರದ ಮೇಲೆ ರಾಜ್ಯ ಕೊಡುವ ಅಧಿಕೃತ ಪಾಲಿನ ಜೊತೆ ಹೋಲಿಸಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಕಾರಣ ಸಿಕ್ಕಿದ ಹಾಗೆ. ಅವತ್ತೇ ರಾತ್ರಿ ಹೋಲಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ದಿನದ ಅಂಚೆ ಮುದ್ರೆ ಇದ್ದರೆ ವಾರದವರೆಗೂ ಬಂದ ಲಕೋಟೆಗಳನ್ನು ತಗೊಳ್ಳುತ್ತಾರೆ, ಪಾಲು ಬದಲಾಗುತ್ತಲೇ ಇರುತ್ತದೆ.

ಲಕ್ಷಣ 5: "ಮುಂಚಿತ ಮತದಲ್ಲಿ ನಮ್ಮ ಪಕ್ಷದವರೇ ಜಾಸ್ತಿ ಇದ್ದರು, ಹೇಗೆ ಸೋತರು?"

ಫ್ಲೋರಿಡಾ, ನಾರ್ತ್ ಕ್ಯಾರೊಲಿನಾ, ನೆವಾಡದಂಥ ರಾಜ್ಯಗಳಲ್ಲಿ ಮತದಾರರ ಪಟ್ಟಿಯಲ್ಲೇ ಪಕ್ಷ ನಮೂದಾಗಿರುತ್ತದೆ. ಲಕೋಟೆ ವಾಪಸ್ ಬಂದಂತೆ ಯಾವ ಪಕ್ಷದ ಎಷ್ಟು ಮಂದಿ ಅಂತ ದಿನದಿನವೂ ಅಂಕಿ ಬರುತ್ತದೆ. ಅದು ಮತ ಅಲ್ಲ. ಯಾರಿಗೆ ಹಾಕಿದರು ಅನ್ನುವುದು ಲಕೋಟೆಯೊಳಗೆ ಭದ್ರವಾಗಿದೆ. ನಾರ್ತ್ ಕ್ಯಾರೊಲಿನಾದಲ್ಲಿ ಯಾವ ಪಕ್ಷಕ್ಕೂ ಸೇರದವರೇ ದೊಡ್ಡ ಗುಂಪು. ಜಾರ್ಜಿಯಾ, ಟೆಕ್ಸಸ್, ಮಿಷಿಗನ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಅಲ್ಲಿನ "ಪಕ್ಷವಾರು ಮುಂಚಿತ ಮತ" ಅಂತ ಯಾರಾದರೂ ಅಂಕಿ ಕೊಟ್ಟರೆ ಅದು ಅಂದಾಜು.

ಹಿಂದಿನ ಚುನಾವಣೆಯ ಮುಂಚಿತ ಮತಕ್ಕೆ ಹೋಲಿಸುವುದೂ ಮೋಸ ಮಾಡುತ್ತದೆ. 2020ರಲ್ಲಿ ಟ್ರಂಪ್ ಅಂಚೆ ಮತವನ್ನು ಜರೆದರು, ಅವರ ಬೆಂಬಲಿಗರು ಚುನಾವಣೆ ದಿನಕ್ಕೆ ಕಾದರು. 2024ರಲ್ಲಿ ಅವರದೇ ಪಕ್ಷ ಮುಂಚಿತವಾಗಿ ಹಾಕಿ ಅಂತ ಕೇಳಿಕೊಂಡಿತು, ಬಹಳಷ್ಟು ಮಂದಿ ಹಾಕಿದರು. ಅದೇ ಜನ, ಬೇರೆ ದಿನ. ಹೊಸ ಮತದಾರರು ಬಂದರು ಅಂತ ಅರ್ಥವಲ್ಲ.

ಲಕ್ಷಣ 6: "ಎರಡು ವಾಹಿನಿ, ಎರಡು ಅಂಕಿ"

2017ರಲ್ಲಿ ಎಪಿ ಸುದ್ದಿಸಂಸ್ಥೆ ಮತ್ತು ಫಾಕ್ಸ್ ನ್ಯೂಸ್ ಒಟ್ಟಿಗೆ ಎಕ್ಸಿಟ್ ಪೋಲ್ ನಡೆಸುತ್ತಿದ್ದ ವಾಹಿನಿಗಳ ಹಳೆಯ ಕೂಟ ಬಿಟ್ಟು ಹೊರಬಂದವು, ಮುಖ್ಯವಾಗಿ ಈ ಮುಂಚಿತ ಮತದ ತೊಂದರೆಯಿಂದಲೇ. 2018ರಿಂದ 2024ರ ಚುನಾವಣೆಯವರೆಗೆ ಎಪಿಯು ಷಿಕಾಗೊ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಎಪಿ ವೋಟ್‌ಕಾಸ್ಟ್ ಎಂಬ ಸಮೀಕ್ಷೆ ನಡೆಸಿತು. ಅದರಲ್ಲಿ ಬಾಗಿಲಲ್ಲಿ ನಿಲ್ಲುತ್ತಲೇ ಇರಲಿಲ್ಲ. ಚುನಾವಣೆಗೆ ಕೆಲವು ದಿನ ಮುಂಚಿನಿಂದ ಮತಗಟ್ಟೆ ಮುಚ್ಚುವವರೆಗೂ ಆನ್‌ಲೈನ್‌ನಲ್ಲಿ, ಫೋನ್‌ನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಕೇಳುತ್ತಿದ್ದರು. ಎರಡು ವಿಧಾನ, ಹಾಗಾಗಿ ಎರಡು ಉತ್ತರ. ಸಣ್ಣ ಗುಂಪುಗಳ ಅಂಕಿಯಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ ಇರುತ್ತದೆ. "ಭಾರತೀಯ ಮೂಲದವರು ಹೀಗೆ ಹಾಕಿದರು" ಅಂತ ಯಾವುದಾದರೂ ರಾಜ್ಯದ ಎಕ್ಸಿಟ್ ಪೋಲ್ ತೋರಿಸಿ ಹೇಳಿದರೆ, ಆ ರಾಜ್ಯದಲ್ಲಿ ಎಷ್ಟು ಮಂದಿಯನ್ನು ಕೇಳಿದ್ದಾರೆ ಅಂತ ಮೊದಲು ವಿಚಾರಿಸಿ.

ಲಕ್ಷಣ 7: "ಎಲ್ಲ ಸರಿ ಇದೆ, ಆದರೂ ಒಂದು ಪಕ್ಷಕ್ಕೇ ಜಾಸ್ತಿ ಬರುತ್ತದೆ"

ಮನೆಯಲ್ಲಿ ಕೂತು ಪೂರ್ತಿ ಪತ್ತೆ ಮಾಡಲಾಗದ ದೋಷ ಇದು. ಕೆಲವರು ಉತ್ತರ ಕೊಡಲು ಒಪ್ಪುತ್ತಾರೆ, ಕೆಲವರು ಮುಖ ತಿರುಗಿಸಿ ಹೋಗುತ್ತಾರೆ. ಆ ಇಬ್ಬರ ಮತ ಬೇರೆ ಬೇರೆ ಆದರೆ ಮುಗಿಯಿತು. 2004ರ ತಪ್ಪಿಗೆ ಕಾರಣ ಇದೇ ಎಂದು ಎಡಿಸನ್ ಮತ್ತು ಮಿಟೋಫ್ಸ್ಕಿ 2005ರ ಜನವರಿಯಲ್ಲಿ ವರದಿ ಕೊಟ್ಟರು. ಕೆರ್ರಿಗೆ ಹಾಕಿದವರು ಬುಷ್‌ಗೆ ಹಾಕಿದವರಿಗಿಂತ ಸಲೀಸಾಗಿ ಒಪ್ಪಿದ್ದರು. ಸಂದರ್ಶಕರನ್ನು ಬಾಗಿಲಿಂದ ದೂರ ನಿಲ್ಲಿಸಿದ ಕಡೆ ತಪ್ಪು ಇನ್ನೂ ಜಾಸ್ತಿ. ಮುಂಚಿತ ಮತದ ಫೋನ್ ಸಮೀಕ್ಷೆಯಲ್ಲೂ ಇದೇ ಕಾಟ, ಗೊತ್ತಿಲ್ಲದ ನಂಬರ್ ಎತ್ತುವವರು ಈಗ ಯಾರಿದ್ದಾರೆ?

ನಮ್ಮ 2024ರ ಲೋಕಸಭೆ ಎಕ್ಸಿಟ್ ಪೋಲ್‌ಗಳು ತಪ್ಪಿದ್ದನ್ನು ಈ ಕೈಪಿಡಿಯ ಮುಂಚಿತ ಮತದ ಭಾಗಕ್ಕೆ ತಂದು ಕಟ್ಟಬೇಡಿ. ಎನ್‌ಡಿಎಗೆ 350ರ ಮೇಲೆ ಅಂತ ಹೇಳಿದವರೇ ಜಾಸ್ತಿ, ಬಂದದ್ದು 293. ಅಲ್ಲಿ ಮುಂಚಿತ ಮತ ಕಾರಣವಾಗಲು ಸಾಧ್ಯವಿಲ್ಲ, ಅಷ್ಟು ಮತವೇ ಇಲ್ಲ. ಹುಡುಕುವುದಾದರೆ ಈ ಏಳನೇ ಲಕ್ಷಣದಲ್ಲಿ, ಮತ್ತೆ ಮತವನ್ನು ಸೀಟಾಗಿ ಬದಲಿಸುವ ಲೆಕ್ಕದಲ್ಲಿ ಹುಡುಕಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಒಂದು ರಾಜ್ಯದ ಎಕ್ಸಿಟ್ ಪೋಲ್‌ನಲ್ಲಿ ಸುಮಾರು ನಾಲ್ಕು ಅಂಶ ಆಚೀಚೆ ಆಗುವುದು ಸಹಜ. ಅಭ್ಯರ್ಥಿಗಳ ನಡುವಿನ ಅಂತರ ಅದಕ್ಕಿಂತ ಕಡಿಮೆ ಇದ್ದರೆ ಎಕ್ಸಿಟ್ ಪೋಲ್ ಹಿಡಿದು ವಾದ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ವಾಹಿನಿಗಳೂ ಬಿಗಿ ಸ್ಪರ್ಧೆಯಲ್ಲಿ ಅದನ್ನು ನಂಬಿ ಘೋಷಣೆ ಮಾಡುವುದಿಲ್ಲ. ನಿಜವಾದ ಎಣಿಕೆಗೆ ಕಾಯುತ್ತವೆ.

ಎಣಿಕೆಯ ಮೇಲೇ ಅನುಮಾನ ಇದ್ದರೆ ಅದಕ್ಕೆ ಔಷಧಿ ಕಾಗದದ ಮತಪತ್ರ. 2020ರಲ್ಲಿ ಜಾರ್ಜಿಯಾದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲೇ ಮತ್ತೆ ಎಣಿಸಿದರು, ಗೆದ್ದವರು ಬದಲಾಗಲಿಲ್ಲ. ಕೊಲರಾಡೊ 2017ರಿಂದ ಇಡೀ ರಾಜ್ಯದಲ್ಲಿ ಮತಪತ್ರಗಳ ಮಾದರಿ ತೆಗೆದು ತಾಳೆ ನೋಡುತ್ತದೆ. ಇಂಥ ವರದಿಗಳು ಎಲ್ಲರಿಗೂ ಸಿಗುತ್ತವೆ, ಅದನ್ನು ಓದಿ. ಎಕ್ಸಿಟ್ ಪೋಲ್ ಅಂಕಿ ಹಿಡಿದು ಎಣಿಕೆ ಕೇಂದ್ರದ ಸಿಬ್ಬಂದಿಯ ಮೇಲೆ ಆರೋಪ ಹೊರಿಸಬೇಡಿ, ಅವರ ವಿಡಿಯೊ ಹಂಚಬೇಡಿ. 2020ರಲ್ಲಿ ಹಾಗೆ ಹಂಚಿದ ವಿಡಿಯೊಗಳಿಂದ ಸಾಮಾನ್ಯ ಕೆಲಸಗಾರರು ಜೀವ ಬೆದರಿಕೆ ಎದುರಿಸಬೇಕಾಯಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಲ್ಲಿರುವ ನಮ್ಮವರಿಗೆ ಇನ್ನೆರಡು ಎಚ್ಚರಿಕೆ. ಪೌರತ್ವ ಇಲ್ಲದೆ, ಗ್ರೀನ್ ಕಾರ್ಡ್ ಇದ್ದರೂ, ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ತಪ್ಪಿ ನೋಂದಣಿ ಆಗಿದ್ದರೆ ವಕೀಲರನ್ನು ಕೇಳಿ. ತುಂಬಿದ ಮತಪತ್ರದ ಫೋಟೊ ತೆಗೆಯುವುದು ಕೆಲವು ರಾಜ್ಯಗಳಲ್ಲಿ ಅಪರಾಧ. ಇಲ್ಲಿರುವವರು ನೆನಪಿಡಬೇಕಾದ್ದು ಬೇರೆ. ನಮ್ಮ ಚುನಾವಣೆಗಳ ಎಕ್ಸಿಟ್ ಪೋಲ್ ಅನ್ನು ಆಯೋಗ ಹೇಳಿದ ಸಮಯಕ್ಕೆ ಮುಂಚೆ ಹರಡಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಪ್ರಕಾರ ಎರಡು ವರ್ಷದವರೆಗೆ ಜೈಲು ಆಗಬಹುದು.

ನಿಮ್ಮ ಸ್ವಂತ ಅಂಚೆ ಮತ ತಲುಪಿತಾ ಅನ್ನುವ ಚಿಂತೆ ಇದ್ದರೆ ಅದಕ್ಕೆ ಟಿವಿ ನೋಡಬೇಕಾಗಿಲ್ಲ. ಪೆನ್ಸಿಲ್ವೇನಿಯಾ ಸೇರಿ ಬಹಳಷ್ಟು ರಾಜ್ಯಗಳಲ್ಲಿ ಹೆಸರು, ಹುಟ್ಟಿದ ದಿನ ಹಾಕಿದರೆ ಲಕೋಟೆ ಎಲ್ಲಿದೆ ಅಂತ ರಾಜ್ಯದ ವೆಬ್‌ಸೈಟೇ ತೋರಿಸುತ್ತದೆ. ಸಹಿಯಲ್ಲಿ ತೊಂದರೆ ಅಂತ ಬಂದರೆ ಅವತ್ತೇ ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಚುನಾವಣಾ ಕಚೇರಿಗೆ ಫೋನ್ ಮಾಡಿ, ಗಡುವು ಕಡಿಮೆ ಇರುತ್ತದೆ. ತಂಗಿ ತನ್ನದು ತಲುಪಿದೆ ಎನ್ನುವ ಆ ಪುಟದ ಚಿತ್ರವನ್ನು ಚಿಕ್ಕಪ್ಪನಿಗೆ ಕಳಿಸಿದಳು. ಅವರು ನನಗೆ ಮತ್ತೆ ಫೋನ್ ಮಾಡಿದರು. "ಹಾಗಾದ್ರೆ ಆ ರಾಶೀಲಿ ಇವಳದ್ದೂ ಇದೆ ಅನ್ನು. ಇನ್ನೆಷ್ಟು ಎಣಿಸೋದು ಬಾಕಿ ಇದೆಯಂತೆ?"